ಧೂಮಪಾನಿಗಳೂ ಮುಂಜಾಗ್ರತೆಯ ಗುಳಿಗೆಯೂ

ರೋಗವು ಬಂದ ಮೇಲೆ ಔಷಧವನ್ನು ಹುಡುಕುವುದಕ್ಕಿಂತ ರೋಗವೇ ಬಾರದಂತೆ ನೋಡಿಕೊಳ್ಳುವುದು ಮೇಲೆಂಬುದು ನಮ್ಮ ಹಿರಿಯರಿಗೆ ಹೊಸ ಮಾತಲ್ಲ. ಆಯುರ್ವೇದದ ಆಚಾರ್ಯರು ತಮ್ಮ ಶಾಸ್ತ್ರದ ಪ್ರಯೋಜನವನ್ನು ಎರಡಾಗಿ ವಿಂಗಡಿಸಿ, ಸ್ವಸ್ಥನಾದವನ ಸ್ವಾಸ್ಥ್ಯವನ್ನು ಕಾಪಾಡುವುದನ್ನು ಮೊದಲನೆಯದಾಗಿಯೂ, ರೋಗಿಯ ರೋಗವನ್ನು ಶಮನಗೊಳಿಸುವುದನ್ನು ಎರಡನೆಯದಾಗಿಯೂ ಇರಿಸಿದರು. ಆಧುನಿಕ ವೈದ್ಯವೂ ಈ ಮಾರ್ಗದಲ್ಲಿ ದೊಡ್ಡ ಜಯಗಳನ್ನು ಪಡೆದಿದೆ. ದೇವಿ ಹಾಕಿಸುವ ಪದ್ಧತಿಯಿಂದ ಸಿಡುಬೆಂಬ ಮಾರಿಯು ಭೂಮಂಡಲದಿಂದಲೇ ತೊಲಗಿತೆಂದು 1980ರಲ್ಲಿ ಘೋಷಿಸಲಾಯಿತು. ಉಪ್ಪಿಗೆ ಅಯೊಡೀನನ್ನು ಬೆರೆಸಿದುದರಿಂದ ಗಳಗಂಡವು ಎಷ್ಟೋ ಸೀಮೆಗಳಲ್ಲಿ ಅಪರೂಪವಾಯಿತು.

ಹೀಗಿರಲು, ಬಹುಕಾಲದಿಂದ ಬೀಡಿ ಸಿಗರೇಟುಗಳನ್ನು ಸೇದುತ್ತ ಬಂದವನಿಗೆ ನಿತ್ಯವೂ ಒಂದು ಗುಳಿಗೆಯನ್ನು ಕೊಟ್ಟು, ಶ್ವಾಸಕೋಶದ ಕ್ಯಾನ್ಸರ್ ಬಾರದಂತೆ ಮಾಡಬಹುದಲ್ಲವೆ? ಈ ಪ್ರಶ್ನೆಯು ಕಳೆದ ಶತಮಾನದ ಕೊನೆಯ ಭಾಗದಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಮನಸ್ಸನ್ನು ಹಿಡಿದಿತ್ತು. ಅವರು ಅದನ್ನು ಹೇಗೆ ಪರೀಕ್ಷಿಸಿದರು, ಪರೀಕ್ಷೆಯಿಂದ ಏನು ಹೊರಬಿತ್ತು, ಗೃಹಸ್ಥರಾದ ನಾವು ಅದರಿಂದ ಕಲಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಾಚಕರ ಮುಂದೆ ಇಡುವೆವು. ವಿಷಯವು ದೂರದೇಶದ್ದಾದರೂ ಅದರ ಫಲವು ನಮ್ಮ ಮನೆಯ ಔಷಧದ ಕಪಾಟಿನವರೆಗೂ ಬಂದಿದೆ.

ಮೊದಲು ರೋಗದ ಗೌರವವನ್ನು ತಿಳಿಯೋಣ. ಜಗತ್ತಿನಲ್ಲಿ ಕ್ಯಾನ್ಸರಿನಿಂದ ಸಾಯುವವರ ಪೈಕಿ ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾಗುವವರೇ ಹೆಚ್ಚು. 2022ನೆಯ ಒಂದೇ ವರ್ಷದಲ್ಲಿ ಸುಮಾರು 18 ಲಕ್ಷ ಮಂದಿ ಅದರಿಂದ ಮಡಿದರು. ಈ ರೋಗವು ಆರಂಭದಲ್ಲಿ ನೋವನ್ನಾಗಲಿ ಕುರುಹನ್ನಾಗಲಿ ತೋರದೆ ಒಳಗೊಳಗೇ ಬೆಳೆಯುತ್ತದೆ. ಕೆಮ್ಮು, ರಕ್ತ, ಸೊರಗುವಿಕೆಗಳು ಕಾಣಿಸಿಕೊಂಡು ವೈದ್ಯರ ಬಳಿಗೆ ಹೋಗುವ ವೇಳೆಗೆ ಅನೇಕ ವೇಳೆ ಕಾಲ ಮಿಂಚಿರುತ್ತದೆ. ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ವಿದ್ವಾಂಸರು 1950ರಲ್ಲಿ ಪ್ರಕಟಿಸಿದ ಲೇಖನದಿಂದಲೂ, ಅದೇ ವರ್ಷ ಅಮೆರಿಕದಲ್ಲಿ ಹೊರಬಂದ ಶೋಧನೆಗಳಿಂದಲೂ, ಸಿಗರೇಟಿಗೂ ಈ ರೋಗಕ್ಕೂ ಇರುವ ನಂಟು ಬಯಲಾಯಿತು. ಕಲ್ನಾರಿನ ಧೂಳಿನಲ್ಲಿ ದುಡಿಯುವವರಿಗೂ ಅಪಾಯವು ಅಧಿಕ. ಕಲ್ನಾರೂ ಹೊಗೆಯೂ ಕೂಡಿದಲ್ಲಿ ಇನ್ನೂ ಅಧಿಕ. ಹೊಗೆಯನ್ನು ಬಿಟ್ಟವನ ಅಪಾಯವು ಕ್ರಮಕ್ರಮವಾಗಿ ಇಳಿಯುವುದು ನಿಜ. ಆದರೆ ಒಂದೇ ದಿನದಲ್ಲಿ ಇಳಿಯುವುದಿಲ್ಲ. ಹತ್ತು ಹದಿನೈದು ವರ್ಷಗಳಲ್ಲಿ ಅದು ಅರ್ಧಕ್ಕೆ ಬರುತ್ತದೆ. ಹೀಗೆ, ಇನ್ನೂ ರೋಗವಿಲ್ಲದಿದ್ದರೂ ರೋಗದ ನೆರಳಿನಲ್ಲಿ ಬದುಕುವ ಕೋಟ್ಯಂತರ ಜನರಿರುವಾಗ, ಅವರ ಕೈಗೆ ಒಂದು ರಕ್ಷೆಯನ್ನು ಕೊಡಬೇಕೆಂಬ ಆಸೆಯು ವೈದ್ಯರಲ್ಲಿ ಹುಟ್ಟಿದುದು ಸಹಜವೇ. ಹೀಗೆ ಔಷಧದಿಂದ ಕ್ಯಾನ್ಸರನ್ನು ಬರುವ ಮೊದಲೇ ತಡೆಯುವ ವಿಧಾನಕ್ಕೆ 1976ರಲ್ಲಿ ಮೈಕೇಲ್ ಸ್ಪಾರ್ನ್ ಎಂಬ ಅಮೆರಿಕದ ವಿಜ್ಞಾನಿಯು ಒಂದು ಪ್ರತ್ಯೇಕ ಹೆಸರನ್ನೇ ಕೊಟ್ಟನು.

ಯಾವ ಔಷಧ? ಎಲ್ಲರ ದೃಷ್ಟಿಯೂ ಬಿದ್ದುದು ಬೀಟಾ-ಕ್ಯಾರೊಟೀನ್ ಎಂಬ ಪದಾರ್ಥದ ಮೇಲೆ. ಇದು ಅಪರಿಚಿತವಾದ ವಸ್ತುವಲ್ಲ. ಗಜ್ಜರಿಯ ಕೆಂಪು, ಸಿಹಿಗುಂಬಳದ ಹಳದಿ, ಪರಂಗಿಹಣ್ಣಿನ ಹೊನ್ನಬಣ್ಣ ಇವುಗಳಲ್ಲಿ ಇರುವುದು ಇದೇ. ನುಗ್ಗೆ, ಹರಿವೆ ಮೊದಲಾದ ಸೊಪ್ಪುಗಳಲ್ಲಿ ಹಸುರಿನ ಮರೆಯಲ್ಲಿ ಅಡಗಿರುವುದೂ ಇದೇ. ದೇಹದೊಳಗೆ ಹೋದ ಮೇಲೆ ಇದರ ಒಂದಂಶವು ಎ ವಿಟಮಿನ್ನಾಗಿ ಪರಿಣಮಿಸುತ್ತದೆ. ಎ ವಿಟಮಿನ್ ಇಲ್ಲದ ಆಹಾರವನ್ನು ತಿಂದ ಇಲಿಗಳ ಶ್ವಾಸನಾಳದ ಒಳಪೊರೆಯು ಕೆಟ್ಟು ಗಡಸಾಗುವುದನ್ನು ವೋಲ್‌ಬಾಕ್ ಮತ್ತು ಹೋವ್ ಎಂಬವರು 1925ರಲ್ಲಿಯೇ ವರ್ಣಿಸಿದ್ದರು. 1975ರಲ್ಲಿ ನಾರ್ವೆಯಿಂದ ಬಂದ ಒಂದು ವರದಿಯು, ಎ ವಿಟಮಿನ್ ಹೆಚ್ಚಾಗಿರುವ ಆಹಾರವನ್ನು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೆಂದು ತಿಳಿಸಿತು. 1981ರಲ್ಲಿ ಷಿಕಾಗೊ ನಗರದ ಕಾರ್ಖಾನೆಯೊಂದರ ಸುಮಾರು 2,000 ಗಂಡಸರನ್ನು 19 ವರ್ಷ ಗಮನಿಸಿದ ಮೇಲೆ ಬಂದ ವರದಿಯೂ, ಕ್ಯಾರೊಟೀನನ್ನು ಹೆಚ್ಚಾಗಿ ತಿಂದವರಲ್ಲಿ ರೋಗವು ವಿರಳವೆಂದಿತು. ಅದೇ ವರ್ಷ ರಿಚರ್ಡ್ ಪೀಟೊ, ಡಾಲ್, ಸ್ಪಾರ್ನ್ ಮೊದಲಾದವರು ಕೂಡಿ ಬರೆದ ಲೇಖನವೊಂದು, ಬೀಟಾ-ಕ್ಯಾರೊಟೀನಿನಿಂದ ಮನುಷ್ಯರ ಕ್ಯಾನ್ಸರನ್ನು ಕಡಿಮೆ ಮಾಡಬಹುದೆ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿ ಇಟ್ಟುಕೊಂಡು, ಅದನ್ನು ಪರೀಕ್ಷೆಗೆ ಒಡ್ಡಬೇಕೆಂದು ವಾದಿಸಿತು.

ಇಲ್ಲಿ ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಸೊಪ್ಪು ಹಣ್ಣುಗಳನ್ನು ತಿನ್ನುವವರಲ್ಲಿ ರೋಗವು ಕಡಿಮೆ. ಸೊಪ್ಪು ಹಣ್ಣುಗಳಲ್ಲಿ ಕ್ಯಾರೊಟೀನ್ ಉಂಟು. ಆದುದರಿಂದ ಕ್ಯಾರೊಟೀನನ್ನು ಗುಳಿಗೆಯಾಗಿ ಕೊಟ್ಟರೆ ರೋಗವು ಕಡಿಮೆಯಾಗುವುದು. ಕೇಳುವುದಕ್ಕೆ ಎಷ್ಟು ನೇರವಾಗಿದೆ! ಆದರೆ ತರ್ಕಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಒಂದು ಹಳೆಯ ಎಚ್ಚರಿಕೆಯು ನೆನಪಿಗೆ ಬಾರದಿರದು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿ. ಅದನ್ನೇ ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದರೆ ಅದು ತಪ್ಪು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯು ಹುಟ್ಟಬೇಕಾದರೆ ಹಸಿಸೌದೆಯ ಸಂಬಂಧವು ಬೇಕು. ಎರಡು ಸಂಗತಿಗಳು ಜೊತೆಜೊತೆಯಾಗಿ ತೋರುವಾಗ, ಅವೆರಡನ್ನೂ ಕೂಡಿಸಿ ತಾನು ಮರೆಯಲ್ಲಿ ನಿಂತಿರುವ ಇಂತಹ ಮೂರನೆಯ ಸಂಗತಿಗೆ ನೈಯಾಯಿಕರು ಉಪಾಧಿಯೆಂದು ಹೆಸರಿಟ್ಟರು. ಉಪಾಧಿಯನ್ನು ಶೋಧಿಸದೆ ಮಾಡಿದ ಅನುಮಾನವು ನಿಲ್ಲದು.

ಸೊಪ್ಪು ಹಣ್ಣುಗಳನ್ನು ಹೆಚ್ಚಾಗಿ ತಿನ್ನುವವರು ಸಾಮಾನ್ಯವಾಗಿ ಯಾರು? ಹೊಗೆಯನ್ನು ಕಡಿಮೆ ಸೇದುವವರು, ಮದ್ಯವನ್ನು ಮಿತವಾಗಿ ಬಳಸುವವರು ಅಥವಾ ಮುಟ್ಟದವರು, ಕೊಂಚ ಅನುಕೂಲಸ್ಥರು, ದೇಹದ ಮೇಲೆ ನಿಗಾ ಇಟ್ಟವರು. ಸೊಪ್ಪಿನಲ್ಲಿಯೂ ಕ್ಯಾರೊಟೀನೊಂದೇ ಅಲ್ಲ, ನೂರಾರು ಇತರ ದ್ರವ್ಯಗಳುಂಟು. ಹೀಗಿರಲು ರಕ್ಷಣೆಯನ್ನು ಕೊಟ್ಟುದು ಕ್ಯಾರೊಟೀನೋ, ಅದರೊಡನಿದ್ದ ಬೇರೆ ದ್ರವ್ಯವೋ, ಆ ಜನರ ನಡೆವಳಿಕೆಯೋ? ಕುಳಿತಲ್ಲಿಯೇ ಊಹಿಸಿ ಇದನ್ನು ತೀರ್ಮಾನಿಸಲಾಗದು. ಉಪಾಧಿಯನ್ನು ಕಳೆಯುವುದಕ್ಕೆ ಒಂದೇ ದಾರಿ: ಎಲ್ಲ ವಿಷಯಗಳಲ್ಲಿಯೂ ಸಮಾನರಾದ ಎರಡು ಗುಂಪುಗಳನ್ನು ಮಾಡಿ, ಒಂದಕ್ಕೆ ಮಾತ್ರ ಆ ವಸ್ತುವನ್ನು ಕೊಟ್ಟು ನೋಡುವುದು.

ಫಿನ್ಲೆಂಡ್ ದೇಶದವರು ಮಾಡಿದುದು ಇದನ್ನೇ. ಆ ದೇಶದ ರಾಷ್ಟ್ರೀಯ ಜನಾರೋಗ್ಯ ಸಂಸ್ಥೆಯೂ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೂ ಕೂಡಿ, 1985ರಿಂದ 1988ರ ವರೆಗೆ ನೈಋತ್ಯ ಫಿನ್ಲೆಂಡಿನಲ್ಲಿ 50ರಿಂದ 69 ವರ್ಷದ ಒಳಗಿನ 29,133 ಮಂದಿ ಧೂಮಪಾನಿಗಳಾದ ಗಂಡಸರನ್ನು ಆರಿಸಿಕೊಂಡರು. ಇವರು ಸರಾಸರಿಯಲ್ಲಿ ದಿನಕ್ಕೆ 20 ಸಿಗರೇಟುಗಳಂತೆ 36 ವರ್ಷ ಸೇದಿದವರು. ಚೀಟಿ ಎತ್ತಿದಂತೆ, ಯಾರ ಇಚ್ಛೆಗೂ ಎಡೆಗೊಡದೆ, ಇವರನ್ನು ನಾಲ್ಕು ಪಂಗಡಗಳಾಗಿ ಮಾಡಿದರು. ಒಂದು ಪಂಗಡಕ್ಕೆ ನಿತ್ಯವೂ 20 ಮಿಲಿಗ್ರಾಮ್ ಬೀಟಾ-ಕ್ಯಾರೊಟೀನ್, ಇನ್ನೊಂದಕ್ಕೆ 50 ಮಿಲಿಗ್ರಾಮ್ ಇ ವಿಟಮಿನ್, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ನೋಡುವುದಕ್ಕೆ ಹಾಗೆಯೇ ಇದ್ದು ಒಳಗೆ ಔಷಧವಿಲ್ಲದ ಪೊಳ್ಳುಗುಳಿಗೆ. ಯಾರಿಗೆ ಯಾವುದು ಸಂದಿತೆಂಬುದು ನುಂಗುವವನಿಗೂ ತಿಳಿಯದು, ಕೊಡುವ ವೈದ್ಯನಿಗೂ ತಿಳಿಯದು. ತಿಳಿದರೆ ಒಬ್ಬನಿಗೆ ಆಶೆಯೂ ಇನ್ನೊಬ್ಬನಿಗೆ ಪಕ್ಷಪಾತವೂ ಹುಟ್ಟಿ ಪರೀಕ್ಷೆಯು ಕೆಡುವುದಷ್ಟೆ.

ಹೀಗೆ ಐದರಿಂದ ಎಂಟು ವರ್ಷ ನಡೆದ ಈ ವ್ರತವು 1993ರ ಏಪ್ರಿಲ್ ಕೊನೆಗೆ ಮುಗಿದು, 1994ರ ಏಪ್ರಿಲಿನಲ್ಲಿ ಫಲಿತಾಂಶವು ಪ್ರಕಟವಾಯಿತು. ಗುಳಿಗೆಯು ದೇಹಕ್ಕೆ ಹತ್ತಿದುದರಲ್ಲಿ ಸಂದೇಹವಿರಲಿಲ್ಲ. ಲೀಟರಿಗೆ 0.17 ಮಿಲಿಗ್ರಾಮಿನಷ್ಟಿದ್ದ ರಕ್ತದ ಕ್ಯಾರೊಟೀನ್ 3 ಮಿಲಿಗ್ರಾಮಿಗೆ ಏರಿತ್ತು. ಕೆಲವರ ಚರ್ಮವೇ ಹಳದಿಗೆ ತಿರುಗಿತ್ತು. ಆದರೆ ರೋಗ? ಒಟ್ಟು 876 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ಅವರಲ್ಲಿ ಕ್ಯಾರೊಟೀನನ್ನು ನುಂಗದವರು 402 ಮಂದಿ. ನುಂಗಿದವರು 474 ಮಂದಿ. ಎರಡು ಕಡೆಯ ಜನಸಂಖ್ಯೆಯೂ ಹೆಚ್ಚು ಕಡಿಮೆ ಸಮವೇ, ತಲಾ ಸುಮಾರು 14,500. ರಕ್ಷೆಯೆಂದು ಕೊಟ್ಟ ಗುಳಿಗೆಯಿಂದ ರೋಗವು ಕಡಿಮೆಯಾಗಲಿಲ್ಲ. ನೂರಕ್ಕೆ 18ರಂತೆ ಹೆಚ್ಚಾಯಿತು. ಯಾವ ಕಾರಣದಿಂದಲೇ ಆಗಲಿ ಸತ್ತವರ ಸಂಖ್ಯೆಯೂ ಆ ಪಂಗಡದಲ್ಲಿ ನೂರಕ್ಕೆ 8ರಂತೆ ಹೆಚ್ಚಾಗಿತ್ತು. ಇ ವಿಟಮಿನ್ ಶ್ವಾಸಕೋಶದ ವಿಷಯದಲ್ಲಿ ಏನನ್ನೂ ಸಾಧಿಸಲಿಲ್ಲ.

ಈ ಪರೀಕ್ಷೆಯಲ್ಲಿ ಇನ್ನೊಂದು ಸ್ವಾರಸ್ಯವಾದ ಸಂಗತಿಯುಂಟು. ಪೊಳ್ಳುಗುಳಿಗೆಯ ಪಂಗಡದವರನ್ನು ಮಾತ್ರ ಪ್ರತ್ಯೇಕಿಸಿ ನೋಡಿದರೆ, ಆರಂಭದಲ್ಲಿ ಯಾರ ಆಹಾರದಲ್ಲಿಯೂ ರಕ್ತದಲ್ಲಿಯೂ ಸಹಜವಾಗಿಯೇ ಕ್ಯಾರೊಟೀನ್ ಹೆಚ್ಚಾಗಿತ್ತೋ ಅವರಲ್ಲಿ ರೋಗವು ಕಡಿಮೆಯಾಗಿಯೇ ಇತ್ತು! ಎಂದರೆ ನಾರ್ವೆ, ಷಿಕಾಗೊಗಳಲ್ಲಿ ಕಂಡುದು ಸುಳ್ಳಲ್ಲ. ಕಂಡುದರಿಂದ ತೆಗೆದ ಸಿದ್ಧಾಂತ ಮಾತ್ರ ನಿಲ್ಲಲಿಲ್ಲ. ಕ್ಯಾರೊಟೀನ್ ಸದಾಹಾರದ, ಸದಾಚಾರದ ಗುರುತಾಗಿತ್ತೇ ಹೊರತು, ಗುಳಿಗೆಯಾಗಿ ಹೊರಗಿನಿಂದ ತಂದಾಗ ರಕ್ಷಕನಾಗಲಿಲ್ಲ. ಹಣೆಯ ಮೇಲಿನ ವಿಭೂತಿಯು ಭಕ್ತನ ಗುರುತಿರಬಹುದು. ವಿಭೂತಿಯನ್ನು ಬಳಿದ ಮಾತ್ರಕ್ಕೆ ಭಕ್ತಿಯು ಬಾರದು.

ಇದು ಒಂದು ದೇಶದ ಆಕಸ್ಮಿಕವಿರಬಹುದೆಂದು ಹೇಳುವವರೂ ಇದ್ದರು. ಆದರೆ ಅದೇ ಕಾಲದಲ್ಲಿ ಅಮೆರಿಕದ ಸಿಯಾಟಲ್ ನಗರದ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನ ಕೇಂದ್ರವನ್ನು ಮುಖ್ಯಸ್ಥಾನವಾಗಿ ಇಟ್ಟುಕೊಂಡು, ಗಿಲ್ಬರ್ಟ್ ಓಮೆನ್ ಎಂಬವರ ನೇತೃತ್ವದಲ್ಲಿ ಎರಡನೆಯ ಪರೀಕ್ಷೆಯು ನಡೆಯುತ್ತಿತ್ತು. ಅದರಲ್ಲಿ 18,314 ಮಂದಿ ಇದ್ದರು: ಸೇದುತ್ತಿದ್ದ ಹಾಗೂ ಸೇದಿ ಬಿಟ್ಟಿದ್ದ ಗಂಡಸರು, ಹೆಂಗಸರು, ಮತ್ತು ಕಲ್ನಾರಿನ ಕೆಲಸಗಾರರು. ಅವರಲ್ಲಿ ಒಂದು ಪಂಗಡಕ್ಕೆ 30 ಮಿಲಿಗ್ರಾಮ್ ಬೀಟಾ-ಕ್ಯಾರೊಟೀನನ್ನು ಎ ವಿಟಮಿನ್ನಿನೊಡನೆ ಕೊಡುತ್ತಿದ್ದರು. ಫಿನ್ಲೆಂಡಿನ ವಾರ್ತೆಯು ಬಂದ ಮೇಲೆ ಇಲ್ಲಿಯೂ ಲೆಕ್ಕವನ್ನು ತೆಗೆದು ನೋಡಲಾಗಿ, ಔಷಧವನ್ನು ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 28ರಂತೆಯೂ, ಮರಣವು ನೂರಕ್ಕೆ 17ರಂತೆಯೂ ಹೆಚ್ಚಾಗಿರುವುದು ಕಂಡಿತು. ಆದುದರಿಂದ ಗೊತ್ತುಮಾಡಿದ ಅವಧಿಗೆ 21 ತಿಂಗಳು ಮುಂಚೆಯೇ, 1996ರ ಜನವರಿಯಲ್ಲಿ, ಗುಳಿಗೆಯನ್ನು ನಿಲ್ಲಿಸಿದರು. ಅದೇ ವರ್ಷ ಪ್ರಕಟವಾದ ಮೂರನೆಯ ಪರೀಕ್ಷೆಯೊಂದರಲ್ಲಿ, ಅಮೆರಿಕದ 22,071 ಮಂದಿ ವೈದ್ಯರೇ ಒಳಪಟ್ಟು, ಸುಮಾರು ಹನ್ನೆರಡು ವರ್ಷ ದಿನಬಿಟ್ಟು ದಿನ ಗುಳಿಗೆಯನ್ನು ನುಂಗಿದ್ದರು. ಅವರಲ್ಲಿ ಬಹುಪಾಲು ಹೊಗೆ ಸೇದದವರು. ಅಲ್ಲಿ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ.

ಅಮೃತವೆಂದುಕೊಂಡುದು ಧೂಮಪಾನಿಯ ಎದೆಯಲ್ಲಿ ಹೇಗೆ ವಿಷವಾಯಿತು? ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾನಿಲಯದವರು ಇದನ್ನು ಫೆರೆಟ್ ಎಂಬ, ಮುಂಗುಸಿಯನ್ನು ಹೋಲುವ ಪ್ರಾಣಿಗಳಲ್ಲಿ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಈ ಪ್ರಾಣಿಯು ಕ್ಯಾರೊಟೀನನ್ನು ಮನುಷ್ಯನಂತೆಯೇ ಜೀರ್ಣಿಸಿಕೊಳ್ಳುವುದರಿಂದ ಅದನ್ನು ಆರಿಸಿದರು. ಹೆಚ್ಚಿನ ಪ್ರಮಾಣದ ಕ್ಯಾರೊಟೀನನ್ನು ತಿಂದು, ಜೊತೆಗೆ ಸಿಗರೇಟಿನ ಹೊಗೆಯನ್ನೂ ಉಸಿರಾಡಿದ ಫೆರೆಟ್ಟುಗಳ ಶ್ವಾಸಕೋಶದಲ್ಲಿ ಕಣಗಳು ಮಿತಿಮೀರಿ ಬೆಳೆದು, ಒಳಪೊರೆಯು ಕೆಡುವ ಲಕ್ಷಣಗಳು ತೋರಿದುವು. ಹೊಗೆಯ ಉಗ್ರತೆಗೆ ಸಿಕ್ಕಿದ ಕ್ಯಾರೊಟೀನ್ ಒಡೆದು, ಅದರ ಚೂರುಗಳು ಕಣಗಳ ಸಹಜವಾದ ಹತೋಟಿಯನ್ನು ತಪ್ಪಿಸುತ್ತವೆಂದು ಅವರು ವಿವರಿಸಿದರು. ಆಹಾರದಲ್ಲಿ ಬರುವಷ್ಟು ಸ್ವಲ್ಪ ಪ್ರಮಾಣವನ್ನು ಕೊಟ್ಟಾಗ ಈ ಕೇಡು ಕಾಣಲಿಲ್ಲ. ಆದುದರಿಂದ ನಮ್ಮ ಅಡಿಗೆಮನೆಯ ನುಗ್ಗೆಸೊಪ್ಪಿಗೂ ಪರಂಗಿಹಣ್ಣಿಗೂ ಯಾರೂ ಹೆದರಬೇಕಾಗಿಲ್ಲ. ದೋಷವು ಸೊಪ್ಪಿನದಲ್ಲ, ಸೊಪ್ಪಿನ ಒಂದೇ ಗುಣವನ್ನು ಕಿತ್ತು, ಹಿಗ್ಗಿಸಿ, ಹೊಗೆತುಂಬಿದ ಎದೆಗೆ ಇಳಿಸಿದುದರದು.

ಇಲ್ಲಿ ಒಂದು ಲೆಕ್ಕವನ್ನು ವಾಚಕರು ಮನಸ್ಸಿಟ್ಟು ನೋಡಬೇಕೆಂದು ಬೇಡುವೆವು. ಫಿನ್ಲೆಂಡಿನಲ್ಲಿ 474ಕ್ಕೂ 402ಕ್ಕೂ ಇರುವ ಅಂತರವು 72. ಇದು ಸುಮಾರು 14,500 ಜನರಲ್ಲಿ ಹರಡಿದರೆ, ಸಾವಿರಕ್ಕೆ ಐವರು. ಅದೂ ಸುಮಾರು ಆರು ವರ್ಷಗಳ ಮೇಲೆ. ಒಂದು ಊರಿನ ಅನುಭವಶಾಲಿಯಾದ ವೈದ್ಯನು ನೂರು ಮಂದಿ ಧೂಮಪಾನಿಗಳಿಗೆ ಈ ಗುಳಿಗೆಯನ್ನು ಆರು ವರ್ಷ ಕೊಟ್ಟನೆನ್ನಿ. ಅದರ ದೆಸೆಯಿಂದ ಹೆಚ್ಚಾಗುವ ರೋಗಿಗಳು ಅರ್ಧ ಮನುಷ್ಯ! ಅವನ ಕಣ್ಣಿಗೆ ಅದು ಬೀಳುವುದೆಂತು? ಹಾಗೆಯೇ ಫಿನ್ಲೆಂಡಿನ ಆ ಜನರಲ್ಲಿ ನೂರಕ್ಕೆ 97 ಮಂದಿಗೆ ಆ ಕಾಲದೊಳಗೆ ರೋಗವೇ ಬರಲಿಲ್ಲ. ಅವರಲ್ಲಿ ಗುಳಿಗೆ ನುಂಗಿದ ಪ್ರತಿಯೊಬ್ಬನೂ, “ನನಗೆ ಈ ಗುಳಿಗೆಯಿಂದಲೇ ರೋಗ ಬರಲಿಲ್ಲ” ಎಂದು ಪ್ರಾಮಾಣಿಕನಾಗಿಯೇ ಸಾಕ್ಷಿ ನುಡಿಯಬಹುದಾಗಿತ್ತು. ಅಂತಹ ಹದಿನಾಲ್ಕು ಸಾವಿರ ಸಾಕ್ಷಿಗಳು ದೊರೆಯುತ್ತಿದ್ದರು. ಹದಿನಾಲ್ಕು ಸಾವಿರವೂ ವ್ಯರ್ಥ. ಬಂದ ರೋಗವನ್ನು ಗುಣಪಡಿಸುವ ಔಷಧದ ಫಲವನ್ನು ಕಣ್ಣಾರೆ ಕಾಣಬಹುದು. ಬಾರದ ರೋಗವನ್ನು ತಡೆಯುವ ಔಷಧದ ಫಲವಾದರೋ ಕಣ್ಣಿಗೆ ಕಾಣುವಂಥದಲ್ಲ. ಅದು ಎಣಿಕೆಗೆ ಮಾತ್ರ ಕಾಣುವುದು. ಪರಿಚಿತರ ಅನುಭವ, ಪತ್ರಿಕೆಯ ಜಾಹೀರಾತು, ಅಂಗಡಿಯವನ ಭರವಸೆ ಇವು ಯಾವುವೂ ಇಲ್ಲಿ ಪ್ರಮಾಣವಾಗಲಾರವು.

ಇನ್ನೊಂದು ಭೇದವನ್ನೂ ಗಮನಿಸಬೇಕು. ಪ್ರಾಣಾಪಾಯದಲ್ಲಿರುವ ರೋಗಿಯು ಕಹಿಯಾದ, ಉಗ್ರವಾದ ಔಷಧವನ್ನೂ ಸಹಿಸುವನು. ಅವನಿಗೆ ಬೇರೆ ದಾರಿಯಿಲ್ಲ. ಆದರೆ ನೂರು ಮಂದಿ ಸ್ವಸ್ಥರಿಗೆ ಔಷಧವನ್ನು ಕೊಟ್ಟಾಗ, ಅದರ ಪ್ರಯೋಜನವನ್ನು ಪಡೆಯಬಹುದಾದವರು ಮೂವರು. ಅದರ ದೋಷಕ್ಕೆ ಒಡ್ಡಿಕೊಳ್ಳುವವರು ನೂರು ಮಂದಿಯೂ. ಆದುದರಿಂದ ಸ್ವಸ್ಥನಿಗೆ ಕೊಡುವ ಔಷಧವು ರೋಗಿಗೆ ಕೊಡುವುದಕ್ಕಿಂತ ಹೆಚ್ಚು ನಿರ್ದೋಷವಾಗಿರಬೇಕು. ಈ ಒಂದು ನಿಯಮವನ್ನು ಮರೆತಲ್ಲಿ ಮುಂಜಾಗ್ರತೆಯೇ ಮೃತ್ಯುವಾಗುವುದು.

ಹಾಗಾದರೆ ಈ ಪರೀಕ್ಷೆಗಳನ್ನು ನಡೆಸಿದುದೇ ತಪ್ಪಲ್ಲವೆ, ಎಪ್ಪತ್ತೆರಡು ಮನೆಗಳಲ್ಲಿ ಬರಬೇಕಾಗಿಲ್ಲದಿದ್ದ ದುಃಖವು ಬಂದಿತಲ್ಲಾ, ಎಂದು ಸಹೃದಯರಾದ ವಾಚಕರು ಕೇಳಬಹುದು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಭಾವಿಸಲಾರೆವು. ಆದರೆ ಪರೀಕ್ಷೆಯನ್ನು ಮಾಡದಿದ್ದರೆ ಏನಾಗುತ್ತಿತ್ತು? ಕ್ಯಾರೊಟೀನ್ ನಿರಪಾಯವೆಂದು ಎಲ್ಲರೂ ನಂಬಿದ್ದರು; ಅಂಗಡಿಗಳಲ್ಲಿ ಅದು ಸಿಕ್ಕುತ್ತಿತ್ತು; ಯುಕ್ತಿಯೂ ವೀಕ್ಷಣೆಯೂ ಅದರ ಪರವಾಗಿದ್ದುವು. ವೈದ್ಯರೇ ಅದನ್ನು ದೇಶದೇಶಗಳ ಧೂಮಪಾನಿಗಳಿಗೆ ವಿಧಿಸುವ ದಿನವು ದೂರವಿರಲಿಲ್ಲ. ಆಗ ಸಾವಿರಕ್ಕೆ ಐವರಂತೆ, ಕೋಟಿಕೋಟಿ ಜನರಲ್ಲಿ, ಯಾರಿಗೂ ತಿಳಿಯದ ಹಾಗೆ ಸಾವು ಬೆಳೆಯುತ್ತಿತ್ತು. ಅದನ್ನು ಎಣಿಸುವವರೂ ಇರುತ್ತಿರಲಿಲ್ಲ. ದಧೀಚಿಯು ತನ್ನ ಎಲುಬುಗಳು ಏತಕ್ಕೆ ಬೇಕೆಂಬುದನ್ನು ತಿಳಿದೇ ಕೊಟ್ಟನು. ಫಿನ್ಲೆಂಡಿನ ಆ ಗಂಡಸರು ಪರೀಕ್ಷೆಯೆಂದು ತಿಳಿದು ಒಪ್ಪಿ ಬಂದರು. ಆದರೆ ತಾವು ಕೊಡಲಿರುವುದು ಇಷ್ಟೆಂಬುದನ್ನು ಅವರು ತಿಳಿದಿರಲಿಲ್ಲ, ತಿಳಿಸುವವರಿಗೂ ಅದು ತಿಳಿದಿರಲಿಲ್ಲ. ಅವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ಅವರಿಂದ ಉಪಕೃತರಾದವರು ಲೋಕದ ಎಲ್ಲ ಧೂಮಪಾನಿಗಳ ಕುಟುಂಬಗಳು. ಈ ಋಣವನ್ನು ತೀರಿಸುವ ಬಗೆ ಒಂದೇ: ಅವರು ಪ್ರಾಣವಿತ್ತು ಕಲಿಸಿದ ಪಾಠವನ್ನು ಮರೆಯದಿರುವುದು.

ವಿದ್ವಾಂಸರು ಈ ಹಾದಿಯನ್ನು ಅಲ್ಲಿಗೇ ಬಿಡಲಿಲ್ಲ. ಎ ವಿಟಮಿನ್ನಿನ ಬಂಧುವಾದ ಐಸೊಟ್ರೆಟಿನಾಯಿನ್ ಎಂಬುದನ್ನು, ಶ್ವಾಸಕೋಶದ ಕ್ಯಾನ್ಸರನ್ನು ಆರಂಭದಲ್ಲಿಯೇ ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡ 1,166 ಮಂದಿಯಲ್ಲಿ ಪರೀಕ್ಷಿಸಿದರು; ಎರಡನೆಯ ಕ್ಯಾನ್ಸರನ್ನು ಅದು ತಡೆಯಲಿಲ್ಲವೆಂದೂ, ಇನ್ನೂ ಸೇದುತ್ತಿದ್ದವರಿಗೆ ಕೆಡುಕೇ ಆದಂತೆ ತೋರುವುದೆಂದೂ 2001ರಲ್ಲಿ ತಿಳಿಯಿತು. ಐಲೊಪ್ರೊಸ್ಟ್ ಎಂಬ ಔಷಧವನ್ನು ಸುಮಾರು ನೂರೈವತ್ತು ಮಂದಿಗೆ ಕೊಟ್ಟು, ಶ್ವಾಸನಾಳದೊಳಗೆ ನಳಿಗೆಯನ್ನು ಇಳಿಸಿ ಒಳಪೊರೆಯನ್ನು ಪರೀಕ್ಷಿಸಲಾಗಿ, ಸೇದುವುದನ್ನು ಬಿಟ್ಟವರಲ್ಲಿ ಒಳಪೊರೆಯು ಸುಧಾರಿಸಿತು, ಬಿಡದವರಲ್ಲಿ ಸುಧಾರಿಸಲಿಲ್ಲವೆಂದು 2011ರಲ್ಲಿ ವರದಿಯಾಯಿತು. ಹೃದಯಾಘಾತವನ್ನು ಕಂಡಿದ್ದ 10,061 ಮಂದಿಗೆ ಉರಿಯೂತವನ್ನು ತಗ್ಗಿಸುವ ಕ್ಯಾನಕಿನ್ಯುಮಾಬ್ ಎಂಬ ಔಷಧವನ್ನು ಪರೀಕ್ಷಿಸಿದಾಗ, ಅದನ್ನು ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಗಣನೀಯವಾಗಿ ಕಡಿಮೆಯಾಗಿರುವುದು 2017ರಲ್ಲಿ ಕಂಡಿತು; ಆದರೆ ಪ್ರಾಣಾಂತಿಕವಾದ ಸೋಂಕುಗಳು ಅವರಲ್ಲಿ ಹೆಚ್ಚಾಗಿದ್ದುವು. ಅದೇ ಔಷಧವನ್ನು ಕ್ಯಾನ್ಸರನ್ನು ತೆಗೆಸಿಕೊಂಡ ರೋಗಿಗಳಲ್ಲಿ ಮತ್ತೆ ಪರೀಕ್ಷಿಸಿದಾಗ, ರೋಗವು ಮರುಕಳಿಸುವುದನ್ನು ಅದು ತಡೆಯಲಿಲ್ಲವೆಂದು 2022ರಲ್ಲಿ ಪ್ರಕಟವಾಯಿತು. ಹೊಸ ಔಷಧಗಳ ಶೋಧವು ಮುಂದುವರಿದಿದೆ, ಮುಂದುವರಿಯಲಿ. ಒಂದು ಶುಭವಾರ್ತೆಯನ್ನು ಕೇಳಿದೊಡನೆ ಗುಳಿಗೆಯನ್ನು ಕೊಳ್ಳುವುದಕ್ಕೆ ಓಡದೆ, ಎರಡನೆಯ ಪರೀಕ್ಷೆಯು ಏನು ಹೇಳುವುದೆಂದು ಕಾಯುವ ತಾಳ್ಮೆಯು ನಮಗಿರಬೇಕು, ಅಷ್ಟೆ.

ಇನ್ನು ಗೃಹಕೃತ್ಯದ ಮಾತು. ಕ್ಯಾರೊಟೀನನ್ನೂ ಇತರ ವಿಟಮಿನ್ನುಗಳನ್ನೂ ಕೂಡಿಸಿ ಮಾಡಿದ ಸೀಸೆಗಳು ಇಂದು ಔಷಧದಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆಯೇ ದೊರೆಯುತ್ತವೆ. ಸೇದುವ ಚಟವನ್ನು ಬಿಡಲಾರದ ಗಂಡನಿಗೆ, ಮುದಿತಂದೆಗೆ, “ಇದಾದರೂ ಕಾಪಾಡಲಿ” ಎಂದು ಪ್ರೀತಿಯಿಂದ ಅದನ್ನು ನೀರಿನ ಲೋಟದೊಡನೆ ಮುಂದಿಡುವ ಗೃಹಿಣಿಯರೂ ಮಕ್ಕಳೂ ಉಂಟು. ಅವರ ಪ್ರೀತಿಗೆ ನಮಸ್ಕಾರ. ಆದರೆ ಆ ಸೀಸೆಯ ಚೀಟಿಯನ್ನು ಮೊದಲು ಓದಬೇಕು. ಅದರಲ್ಲಿ ಬೀಟಾ-ಕ್ಯಾರೊಟೀನ್ ಇದ್ದರೆ, ಸೇದುವವನಿಗೂ, ಸೇದಿ ಬಿಟ್ಟವನಿಗೂ, ಕಲ್ನಾರಿನಲ್ಲಿ ದುಡಿದವನಿಗೂ ವೈದ್ಯರನ್ನು ಕೇಳದೆ ಕೊಡಕೂಡದು. ಕ್ಯಾನ್ಸರನ್ನು ತಡೆಯುವುದಕ್ಕಾಗಿ ಬೀಟಾ-ಕ್ಯಾರೊಟೀನನ್ನು ಸೇವಿಸಬಾರದೆಂದು ಅಮೆರಿಕದ ನಿವಾರಣ ವೈದ್ಯ ಮಂಡಲಿಯು 2014ರಲ್ಲಿ ಹೇಳಿ, 2022ರಲ್ಲಿ ಮತ್ತೆ ದೃಢಪಡಿಸಿದೆ. ವೈದ್ಯರು ಬೇರೆ ಕಾರಣಕ್ಕಾಗಿ, ಕೊರತೆಯನ್ನು ಕಂಡು ವಿಧಿಸಿದ ವಿಟಮಿನ್ನಿನ ಮಾತು ಬೇರೆ. ಅದನ್ನು ತಾವಾಗಿ ನಿಲ್ಲಿಸುವುದೂ ತಪ್ಪು. ಆಹಾರದ ವಿಷಯದಲ್ಲಂತೂ ಸೊಪ್ಪು, ತರಕಾರಿ, ಹಣ್ಣುಗಳು ಎಂದಿನಂತೆ ಎಲೆಯ ಮೇಲೆ ಬರುತ್ತಿರಲಿ.

ಗುಳಿಗೆಯಲ್ಲಿ ಒಂದು ಗುಪ್ತವಾದ ಕೇಡೂ ಉಂಟು. ರಕ್ಷೆಯಿದೆಯೆಂಬ ಭ್ರಾಂತಿಯು ಬಂದರೆ, ಬಿಡಬೇಕೆಂಬ ಸಂಕಲ್ಪವು ಸಡಿಲವಾಗುವುದು. ಮೂಲವನ್ನು ಹಾಗೆಯೇ ಇಟ್ಟು ಕೊಂಬೆಗೆ ಚಿಕಿತ್ಸೆ ಮಾಡಿದಂತೆ ಆಗುವುದು. ಹಾಗಾದರೆ ಪರೀಕ್ಷೆಗಳಲ್ಲಿ ಗೆದ್ದ ಮದ್ದು ಯಾವುದೂ ಇಲ್ಲವೆ ಎಂದರೆ, ಅರ್ಧ ಶತಮಾನದ ಎಣಿಕೆಯಲ್ಲಿ ಗೆದ್ದು ನಿಂತುದು ಒಂದುಂಟು. ಡಾಲ್ ಮೊದಲಾದವರು 1951ರಿಂದ 2001ರ ವರೆಗೆ ಬ್ರಿಟನ್ನಿನ 34,439 ಮಂದಿ ವೈದ್ಯಗಂಡಸರನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಫಲವಿದು: ಸೇದುತ್ತಲೇ ಇದ್ದವರು, ಎಂದೂ ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡರು. ಆದರೆ 30ನೆಯ ವಯಸ್ಸಿನಲ್ಲಿ ಬಿಟ್ಟವರು ಆ ಹತ್ತು ವರ್ಷಗಳನ್ನೂ ಹೆಚ್ಚು ಕಡಿಮೆ ಪೂರ್ತಿಯಾಗಿ ಗಳಿಸಿಕೊಂಡರು. 40ರಲ್ಲಿ ಬಿಟ್ಟವರು ಸುಮಾರು 9, 50ರಲ್ಲಿ ಬಿಟ್ಟವರು 6, 60ರಲ್ಲಿ ಬಿಟ್ಟವರು ಸಹ 3 ವರ್ಷಗಳನ್ನು ಗಳಿಸಿಕೊಂಡರು. ಇನ್ನೇನು ವಯಸ್ಸಾಯಿತು, ಬಿಟ್ಟು ಏನು ಪ್ರಯೋಜನ ಎನ್ನುವ ಹಿರಿಯರು ಈ ಕೊನೆಯ ಅಂಕೆಯನ್ನು ಗಮನಿಸಬೇಕು. ಮೂರು ವರ್ಷವೆಂದರೆ ಮೊಮ್ಮಗಳ ಮದುವೆಯನ್ನು ನೋಡುವಷ್ಟು ಕಾಲ.

ಬಿಡುವುದು ಸುಲಭವೆಂದು ನಾವು ಹೇಳೆವು. ಒಬ್ಬನೇ ಹೆಣಗಬೇಕಾಗಿಯೂ ಇಲ್ಲ. ಭಾರತ ಸರ್ಕಾರವು 1800-11-2356 ಎಂಬ ಸಂಖ್ಯೆಯ ದೂರವಾಣಿಯಲ್ಲಿ ಖರ್ಚಿಲ್ಲದೆ ಸಲಹೆ ದೊರೆಯುವಂತೆ ಏರ್ಪಡಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದಾಗಿದೆ. ಬಹುಕಾಲ ಸೇದಿದವರು, ರೋಗವು ಚಿಕ್ಕದಾಗಿರುವಾಗಲೇ ಅದನ್ನು ಹಿಡಿಯುವ ಸಿ.ಟಿ. ಚಿತ್ರಪರೀಕ್ಷೆಯ ವಿಷಯವನ್ನು ವೈದ್ಯರೊಡನೆ ವಿಚಾರಿಸಬಹುದು. ಅಮೆರಿಕದಲ್ಲಿ 53,454 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕಡಿಮೆ ಕಿರಣಗಳ ಸಿ.ಟಿ.ಯನ್ನು ವರ್ಷಕ್ಕೊಮ್ಮೆಯಂತೆ ಮೂರು ಸಲ ಮಾಡಿಸಿಕೊಂಡವರಲ್ಲಿ, ಸಾಮಾನ್ಯ ಎಕ್ಸ್‌ರೇ ತೆಗೆಸಿಕೊಂಡವರಿಗಿಂತ ಈ ರೋಗದ ಮರಣವು ನೂರಕ್ಕೆ 20ರಂತೆ ಕಡಿಮೆಯಾಯಿತು. ಅದರಲ್ಲಿಯೂ ರೋಗವಲ್ಲದುದು ರೋಗದಂತೆ ತೋರಿ ದಿಗಿಲು ಹುಟ್ಟಿಸುವುದುಂಟು. ಆದುದರಿಂದ ವೈದ್ಯರ ವಿವೇಚನೆಯು ಅಗತ್ಯ. ಅಲ್ಲದೆ ಇದು ರೋಗವನ್ನು ಬೇಗನೆ ಕಾಣುವ ಉಪಾಯವೇ ಹೊರತು ತಡೆಯುವ ಉಪಾಯವಲ್ಲ.

ಯಾವುದಾದರೊಂದು ವಸ್ತುವು ಮುಂದೆ ಬರುವ ರೋಗವನ್ನು ತಡೆಯುವುದೆಂದು ಯಾರಾದರೂ ಹೇಳಿದರೆ, ಗೃಹಸ್ಥನು ಮೂರು ಪ್ರಶ್ನೆಗಳನ್ನು ಕೇಳಲಿ. ಇದನ್ನು ಕೊಟ್ಟವರನ್ನೂ ಕೊಡದವರನ್ನೂ ಚೀಟಿಯೆತ್ತಿ ವಿಂಗಡಿಸಿ ನೋಡಿದ್ದಾರೆಯೆ? ಎಷ್ಟು ಜನರಲ್ಲಿ, ಎಷ್ಟು ವರ್ಷ ನೋಡಿದ್ದಾರೆ? ನಮ್ಮಂತಹವರಲ್ಲಿಯೇ ನೋಡಿದ್ದಾರೆಯೆ? ಸೇದದ ವೈದ್ಯನಿಗೆ ಏನನ್ನೂ ಮಾಡದ ಗುಳಿಗೆಯು ಸೇದುವವನಿಗೆ ಕೇಡನ್ನು ತಂದಿತೆಂಬುದನ್ನು ಮೇಲೆ ಕಂಡೆವಷ್ಟೆ. ಈ ಮೂರಕ್ಕೂ ಸರಿಯಾದ ಉತ್ತರವು ಬಾರದ ತನಕ ಸೀಸೆಯು ಅಂಗಡಿಯಲ್ಲಿಯೇ ಇರಲಿ. ಆ ಹಣದಲ್ಲಿ ಒಂದು ಕಟ್ಟು ಸೊಪ್ಪು ಮನೆಗೆ ಬರಲಿ.